ಗೆರೆ ಹಿಡಿದು ಊರಿಗೆ ಹೋದವರು

(ಬೆಂಗಳೂರಿನಲ್ಲಿ ಆನಿಮೇಷನ್ ಮತ್ತು ಚಿತ್ರಕಲೆ ಕಲಿಯುವವರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಬಹಳಷ್ಟು ಮಂದಿ ದಿನವಿಡೀ ಟ್ಯಾಬ್ಲೆಟ್ ಮೇಲೆ ಗೆರೆ ಎಳೆಯುವವರು. ಹಾಗಾಗಿ ಒಂದು ಗೆರೆಯಿಂದಲೇ ಶುರು ಮಾಡುತ್ತೇನೆ.

ಪರದೆ ನೋಡಿ. ಪೂರ್ತಿ ದುಂಡಗೂ ಅಲ್ಲ, ಚೌಕವೂ ಅಲ್ಲದ ಒಂದು ಆಕಾರ ಇದೆ. ಮೇಲಿನ ಅಂಚು ಉಬ್ಬಿದೆ. ಕೆಳಗಿನ ಅಂಚು ನಡುವೆ ತುಸು ಒಳಕ್ಕೆ ತಗ್ಗಿದೆ. ಮೂಲೆಗಳು ನಯವಾಗಿ ತಿರುಗಿವೆ. ಸುತ್ತಲಿನ ಗೆರೆ ಮೇಲ್ಗಡೆ ದಪ್ಪ, ಕೆಳಗೆ ಬರುತ್ತಾ ತೆಳು. ಇದನ್ನು ಓವಾಯ್ಡ್ ಎನ್ನುತ್ತಾರೆ. ಪ್ರಾಣಿಯ ಕಣ್ಣಿಗೆ ಇದೇ, ಭುಜದ ಕೀಲಿಗೆ ಇದೇ, ರೆಕ್ಕೆಯ ಬುಡಕ್ಕೂ ಬಾಲದ ಬುಡಕ್ಕೂ ಇದೇ. ಇದರ ಜೊತೆಗೆ ಇಂಗ್ಲಿಷಿನ ಯು ಅಕ್ಷರದಂಥ ಆಕಾರಗಳು, ಎಸ್ ಅಕ್ಷರದಂಥವು. ಇವನ್ನೆಲ್ಲ ಒಂದು ಗೆರೆ ಸೇರಿಸುತ್ತಾ ಹೋಗುತ್ತದೆ. ಅದು ಉಬ್ಬುತ್ತದೆ, ಸಣ್ಣಗಾಗುತ್ತದೆ, ತಿರುಗುತ್ತದೆ, ಇನ್ನೊಂದರೊಳಗೆ ಸೇರುತ್ತದೆ. ಎಲ್ಲೂ ಕಡಿದುಹೋಗುವುದಿಲ್ಲ. ಇದು ಫಾರ್ಮ್‌ಲೈನ್. ಮುಖ್ಯ ಗೆರೆ ಸಾಮಾನ್ಯವಾಗಿ ಕಪ್ಪು. ಅದರ ಒಳಗಿನ ಎರಡನೇ ಹಂತದ ಗೆರೆಗಳು ಕೆಂಪು. ಮೂರನೇ ಹಂತಕ್ಕೆ ನೀಲಿ-ಹಸಿರು.

ಉತ್ತರ ಅಮೆರಿಕದ ವಾಯವ್ಯ ಕರಾವಳಿಯ ಹಲವು ಜನಾಂಗಗಳಲ್ಲಿ ಈ ಕಲೆ ಇದೆ. ನಾನು ಇವತ್ತು ಮಾತಾಡುವುದು ಹೈಡಾ ಜನರ ಬಗ್ಗೆ. ಅವರ ನೆಲ ಹೈಡಾ ಗ್ವಾಯ್. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಉತ್ತರ ಭಾಗಕ್ಕೆ ಎದುರಾಗಿ, ಶಾಂತ ಸಾಗರದಲ್ಲಿರುವ 150ಕ್ಕೂ ಹೆಚ್ಚು ದ್ವೀಪಗಳು. 2010ರವರೆಗೆ ಸರ್ಕಾರಿ ನಕ್ಷೆಯಲ್ಲಿ ಅವುಗಳಿಗೆ ಕ್ವೀನ್ ಷಾರ್ಲೆಟ್ ದ್ವೀಪಗಳು ಎಂಬ ಹೆಸರಿತ್ತು. ಆ ವರ್ಷ ಹೈಡಾ ಜನ ಒಂದು ಸಮಾರಂಭ ಮಾಡಿ, ಆ ಹೆಸರನ್ನು ಸೀಡರ್ ಮರದ ಪೆಟ್ಟಿಗೆಯೊಳಗಿಟ್ಟು ಸರ್ಕಾರಕ್ಕೆ ವಾಪಸ್ ಕೊಟ್ಟರು. ಅಂಥ ಪೆಟ್ಟಿಗೆಗಳ ಬಗ್ಗೆ ಆಮೇಲೆ ಹೇಳುತ್ತೇನೆ.

ನಾನು ವ್ಯಾಂಕೂವರ್‌ನಲ್ಲಿ ಆನಿಮೇಷನ್ ಕೆಲಸ ಮಾಡುವವಳು. ಅಲ್ಲಿ ಈ ಗೆರೆ ಕಣ್ಣಿಗೆ ಬೀಳದ ದಿನವೇ ಇಲ್ಲ. ವಿಮಾನ ನಿಲ್ದಾಣದಲ್ಲಿ ಇಳಿದರೆ ಇದೆ, ಗೋಡೆಗಳ ಮೇಲೆ ಇದೆ, ಅಂಗಿಗಳ ಮೇಲೆ ಇದೆ. ನಾನು ಹೈಡಾ ಅಲ್ಲ. ಹೊರಗೆ ನಿಂತು ನೋಡುವವಳು. ಆದರೆ ಒಂದು ವಿಷಯ ನನ್ನನ್ನು ಬಹಳ ಕಾಡಿದೆ. ಕಂಪ್ಯೂಟರಿನಲ್ಲಿ ಕೆಲಸ ಮಾಡುವ, ಕ್ಯಾಮೆರಾ ಹಿಡಿಯುವ, ಕಾಮಿಕ್ಸ್ ಬರೆಯುವ ಹೈಡಾ ಕಲಾವಿದರು ಚೂರಿ, ಮರ, ನಾರಿನ ಕಡೆಗೆ ಯಾಕೆ ಹೋಗುತ್ತಾರೆ? ಹಳೆಯದರ ಮೇಲಿನ ಮೋಹ ಅಂತ ಸುಮ್ನೆ ಹೇಳಿ ಮುಗಿಸಬಹುದು. ಅದು ಸರಿಯಾದ ಉತ್ತರ ಅಲ್ಲ ಅನ್ನುವುದು ನನ್ನ ನಂಬಿಕೆ. ಗೆರೆಯ ಆಕಾರ ಯಾರಿಗೆ ಬೇಕಾದರೂ ಸಿಗುತ್ತದೆ. ಆ ಗೆರೆ ಯಾರ ಮನೆಯದು, ಯಾಕೆ ಹುಟ್ಟಿತು, ಯಾವ ಮರದಿಂದ ಬಂತು ಎಂಬುದು ಕೈ ಕೆಲಸದಿಂದ, ಹಿರಿಯರ ಪಕ್ಕದಲ್ಲಿ ಕೂತು ಮಾತ್ರ ಸಿಗುತ್ತದೆ.

ಮೊದಲು ಆಕಾರದ ವಿಷಯ. ಸಿಯಾಟಲ್‌ನ ಬಿಲ್ ಹೋಮ್ ಎಂಬ ಕಲಾವಿದ-ಅಧ್ಯಾಪಕರು 1965ರಲ್ಲಿ ಈ ಕಲೆಯ ನಿಯಮಗಳನ್ನು ಬಿಡಿಸಿ ಬರೆದರು. ಅವರು ಹೈಡಾ ಅಲ್ಲ. ಮ್ಯೂಸಿಯಂಗಳಲ್ಲಿದ್ದ ಸುಮಾರು 400 ವಸ್ತುಗಳನ್ನು ಒಂದೊಂದಾಗಿ ನೋಡಿ, ಯಾವ ಬಣ್ಣ ಎಲ್ಲಿ ಬರುತ್ತದೆ, ಗೆರೆ ಎಲ್ಲಿ ದಪ್ಪವಾಗುತ್ತದೆ, ಎಲ್ಲಿ ಸೇರುತ್ತದೆ ಎಂದು ಗುರುತು ಮಾಡಿಕೊಂಡರು. ಮರ ಕೆತ್ತುವುದನ್ನೂ ತಾವೇ ಕಲಿತರು. ಇವತ್ತು ನಾವು ಹೇಳುವ ಫಾರ್ಮ್‌ಲೈನ್, ಓವಾಯ್ಡ್ ಎಂಬ ಹೆಸರುಗಳು ಬಳಕೆಗೆ ಬಂದದ್ದು ಅವರ ಬರಹದಿಂದ. ಹೈಡಾ ಕಲಾವಿದರಲ್ಲೂ ಎಷ್ಟೋ ಮಂದಿ ಅದನ್ನು ಓದಿಕೊಂಡಿದ್ದಾರೆ.

ನಿಮ್ಮಲ್ಲಿ ವೆಕ್ಟರ್ ಸಾಫ್ಟ್‌ವೇರ್ ಬಳಸುವವರಿಗೆ ಈಗಾಗಲೇ ಕೈ ತುರಿಸುತ್ತಿರಬಹುದು. ಬಿಂದುಗಳನ್ನು ಎಳೆದು ಬೇಕಾದ ಹಾಗೆ ಬಾಗಿಸಬಹುದಾದ ಬೆಜಿಯೆ ವಕ್ರರೇಖೆ ಇದೆ. ಒಂದು ಓವಾಯ್ಡ್ ಮಾಡಿಟ್ಟುಕೊಂಡರೆ ಎಳೆದು, ಕುಗ್ಗಿಸಿ, ತಿರುಗಿಸಿ ಎಲ್ಲಿ ಬೇಕಾದರೂ ಇಡಬಹುದು. ಅರ್ಧ ಚಿತ್ರ ಬರೆದು ಕನ್ನಡಿ ಮಾಡಿದರೆ ಪೂರ್ತಿ ಚಿತ್ರ. ಇದರಲ್ಲಿ ಮೋಸ ಏನೂ ಇಲ್ಲ. ಹಳೆಯ ಕೆತ್ತನೆಗಾರರೂ ಹೀಗೆ ಮಾಡುತ್ತಿದ್ದರು. ಸೀಡರ್ ತೊಗಟೆಯಲ್ಲಿ ಓವಾಯ್ಡ್ ಕತ್ತರಿಸಿಟ್ಟುಕೊಂಡು, ಅದನ್ನು ಹಲಗೆಯ ಮೇಲಿಟ್ಟು ಸುತ್ತ ಗುರುತು ಹಾಕುತ್ತಿದ್ದರು. ಉತ್ತರ ಕರಾವಳಿಯ ಹೆಂಗಸರು ನೇಯುವ ಉಣ್ಣೆಯ ಮೇಲುಹೊದಿಕೆಗಳಿಗೆ ಗಂಡಸರು ಒಂದು ಹಲಗೆಯ ಮೇಲೆ ಮಾದರಿ ಬರೆದುಕೊಡುತ್ತಿದ್ದರು. ಆ ಹಲಗೆಯ ಮೇಲೆ ಅರ್ಧಕ್ಕಿಂತ ತುಸು ಜಾಸ್ತಿ ಚಿತ್ರ ಮಾತ್ರ ಇರುತ್ತಿತ್ತು. ಇನ್ನರ್ಧ ನೇಯುವವಳ ತಲೆಯಲ್ಲಿ. ಕನ್ನಡಿ ಮಾಡುವ ಕೆಲಸ ಅವಳದು. ಆ ಹೆಣ್ಣುಮಗಳ ಲೆಕ್ಕಾಚಾರ ಎಂಥದ್ದಿರಬೇಕು ಯೋಚಿಸಿ! ಮಗ್ಗದಲ್ಲಿ ನೇರ ಗೆರೆ ಸುಲಭ. ದುಂಡಗಿನ ಗೆರೆ ತೆಗೆಯುವುದು ಬಹಳ ಕಷ್ಟ. ಈ ನೇಯ್ಗೆಯಲ್ಲಿ ಪೂರ್ತಿ ವೃತ್ತವನ್ನೇ ತೆಗೆಯುತ್ತಾರೆ.

ಹಾಗಾದರೆ ಪರದೆಯಲ್ಲಿ ಸಿಗದೆ ಇರುವುದು ಏನು?

ಮೊದಲನೆಯದು ಒಡೆತನ. ಹೈಡಾ ಸಮಾಜದಲ್ಲಿ ಎರಡು ಪಂಗಡಗಳಿವೆ. ಒಂದು ರೇವನ್, ಅಂದರೆ ದೊಡ್ಡ ಜಾತಿಯ ಕಾಗೆ. ಇನ್ನೊಂದು ಹದ್ದು. ಮಗು ತಾಯಿಯ ಪಂಗಡಕ್ಕೆ ಸೇರುತ್ತದೆ. ಮದುವೆ ಆಚೆ ಪಂಗಡದವರ ಜೊತೆ ಮಾತ್ರ. ತುಳುನಾಡಿನ ಕಡೆಯವರು ಇಲ್ಲಿ ಯಾರಾದರೂ ಇದ್ದರೆ ತಮ್ಮ ಬಳಿ ಪದ್ಧತಿಯನ್ನು ನೆನೆಸಿಕೊಳ್ಳಬಹುದು, ತಟ್ಟನೆ ಅರ್ಥವಾಗುತ್ತದೆ. ಒಂದೊಂದು ಪಂಗಡದೊಳಗೆ ಹಲವು ಕುಲಗಳು. ಒಂದೊಂದು ಕುಲಕ್ಕೂ ಅದರದೇ ಲಾಂಛನಗಳು. ಕಿಲ್ಲರ್ ವೇಲ್ ಎಂಬ ಕಡಲ ಪ್ರಾಣಿ, ಕರಡಿ, ಕಪ್ಪೆ, ನೀರಿಗೆ ಅಡ್ಡ ಕಟ್ಟೆ ಕಟ್ಟುವ ಬೀವರ್ ಹೀಗೆ. ಆ ಲಾಂಛನ ಆ ಕುಲದ ಸ್ವತ್ತು. ಅದರ ಹಿಂದೆ ಒಂದು ಕಥೆ, ಒಂದು ಹೆಸರು, ಒಂದು ಹಾಡು, ಒಂದು ಜಾಗ ಇರುತ್ತದೆ. ಚೆನ್ನಾಗಿದೆ ಅಂತ ಬೇರೆಯವರು ಎತ್ತಿಕೊಂಡು ಬಳಸುವ ಹಾಗಿಲ್ಲ. ಹೈಡಾದವರೇ ಆದರೂ ಇಲ್ಲ.

ಆ ಒಡೆತನವನ್ನು ಊರ ಮುಂದೆ ಸಾರುವ ಜಾಗ ಪೋಟ್‌ಲ್ಯಾಚ್. ಅದು ದೊಡ್ಡ ಔತಣ. ಕಂಬ ಎತ್ತುವಾಗ, ಹೆಸರು ಕೊಡುವಾಗ, ಮುಖ್ಯಸ್ಥನ ಪಟ್ಟ ಕಟ್ಟುವಾಗ ನಡೆಯುತ್ತದೆ. ಬಂದ ನೆಂಟರು ಸಾಕ್ಷಿಗಳು. ಸಾಕ್ಷಿ ಆಗಿದ್ದಕ್ಕೆ ಅವರಿಗೆ ಉಡುಗೊರೆ. ಬರಹದ ದಾಖಲೆ ಇಲ್ಲದ ಸಮಾಜದಲ್ಲಿ ಆ ನೆನಪೇ ಕಾಗದಪತ್ರ. ಲಾಂಛನಗಳನ್ನು ಕೆತ್ತಿದ ಟೋಟೆಮ್ ಕಂಬ, ಮುಖವಾಡ, ಪೆಟ್ಟಿಗೆ, ಹೊದಿಕೆ ಎಲ್ಲ ಇದಕ್ಕಾಗಿಯೇ ಮಾಡಿದವು. ಗೋಡೆಗೆ ತೂಗುಹಾಕಲು ಅಲ್ಲ.

ಈಗ ಅದು ಹೇಗೆ ಮುರಿಯಿತು ಎಂಬುದನ್ನು ಹೇಳಬೇಕು. 1862ರಲ್ಲಿ ಬ್ರಿಟಿಷ್ ಕೊಲಂಬಿಯಾದ ದಕ್ಷಿಣದ ವಿಕ್ಟೋರಿಯಾ ಪಟ್ಟಣಕ್ಕೆ ಸಿಡುಬು ಬಂತು. ಅಲ್ಲಿ ವ್ಯಾಪಾರಕ್ಕೆ ಬಂದು ಬೀಡುಬಿಟ್ಟಿದ್ದ ಉತ್ತರದ ಜನರನ್ನು ಅಧಿಕಾರಿಗಳು ಬಲವಂತವಾಗಿ ಹೊರಡಿಸಿದರು. ದೋಣಿಗಳ ಜೊತೆ ರೋಗವೂ ಊರು ಸೇರಿತು. ಒಂದು ಕಾಲಕ್ಕೆ 10,000ಕ್ಕೂ ಹೆಚ್ಚು ಇದ್ದಿರಬಹುದು ಎಂದು ಅಂದಾಜಿಸುವ ಹೈಡಾ ಜನ, 20ನೇ ಶತಮಾನದ ಆರಂಭಕ್ಕೆ ಸುಮಾರು 600 ಮಂದಿ ಉಳಿದರು. ಹಳ್ಳಿಗಳು ಖಾಲಿಯಾದವು. ಉಳಿದವರು ಸ್ಕಿಡಿಗೇಟ್ ಮತ್ತು ಮ್ಯಾಸೆಟ್ ಎಂಬ ಎರಡು ಊರುಗಳಲ್ಲಿ ಬಂದು ಸೇರಿಕೊಂಡರು. 1884ರಲ್ಲಿ ಕೆನಡಾ ಸರ್ಕಾರ ಪೋಟ್‌ಲ್ಯಾಚ್ ನಿಷೇಧಿಸುವ ಕಾನೂನು ತಂದಿತು. ಅದು ಹೋದದ್ದು 1951ರಲ್ಲಿ. ನಡುವೆ ಮಕ್ಕಳನ್ನು ವಸತಿ ಶಾಲೆಗಳಿಗೆ ಕರೆದೊಯ್ದು ಭಾಷೆ ಬಿಡಿಸಿದರು. ಕಂಬಗಳು ಮ್ಯೂಸಿಯಂಗಳಿಗೆ ಹೋದವು, ಕೆಲವನ್ನು ಕಡಿದು ಹಾಕಿದರು.

ಕಲೆ ಆದರೂ ಸಾಯಲಿಲ್ಲ. ಮಾರುಕಟ್ಟೆಯ ಕಡೆ ತಿರುಗಿ ಜೀವ ಉಳಿಸಿಕೊಂಡಿತು. ಸ್ಕಿಡಿಗೇಟ್ ಹತ್ತಿರದ ಬೆಟ್ಟವೊಂದರಲ್ಲಿ ಸಿಗುವ ಆರ್ಜಿಲೈಟ್ ಎಂಬ ಮೆದುವಾದ ಕರಿಕಲ್ಲಿನಲ್ಲಿ ಚಿಕ್ಕ ಕಂಬಗಳು, ಬೆಳ್ಳಿಯಲ್ಲಿ ಬಳೆಗಳು. ಚಾರ್ಲ್ಸ್ ಈಡನ್‌ಶಾ ಆ ಕಾಲದ ದೊಡ್ಡ ಕೈ. 1920ರಲ್ಲಿ ತೀರಿಕೊಂಡರು. ಅವರ ಹೆಂಡತಿ ಇಸಬೆಲ್ಲಾ ಸ್ಪ್ರೂಸ್ ಮರದ ಬೇರಿನಿಂದ ಟೋಪಿ ಹೆಣೆಯುತ್ತಿದ್ದರು, ಇವರು ಅದರ ಮೇಲೆ ಚಿತ್ರ ಬರೆಯುತ್ತಿದ್ದರು. ಆ ಟೋಪಿಗಳ ಮಾತು ಬಂದರೆ ಜನ ಗಂಡನ ಹೆಸರನ್ನೇ ಮೊದಲು ಹೇಳುತ್ತಾರೆ. ನನಗೆ ಇಬ್ಬರ ಹೆಸರೂ ಒಟ್ಟಿಗೆ ಬರಬೇಕು ಅನ್ನಿಸುತ್ತದೆ.

ಈಡನ್‌ಶಾ ತೀರಿಕೊಂಡ ವರ್ಷವೇ ಬಿಲ್ ರೀಡ್ ಹುಟ್ಟಿದರು. ಇವರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಗರದಲ್ಲಿ ಬೆಳೆದು, ಆಧುನಿಕ ಮಾಧ್ಯಮದಲ್ಲಿ ಕೆಲಸ ಮಾಡುತ್ತಾ, ಕೈ ಕೆಲಸದ ಮೂಲಕ ಊರು ಸೇರಿದ ಮೊದಲ ದೊಡ್ಡ ಉದಾಹರಣೆ ಅವರು.

ತಾಯಿ ಸೋಫಿ ಗ್ಲ್ಯಾಡ್‌ಸ್ಟೋನ್, ಸ್ಕಿಡಿಗೇಟ್ ಊರಿನ ಹೈಡಾ ಹೆಣ್ಣುಮಗಳು, ವಸತಿ ಶಾಲೆಯಲ್ಲಿ ಓದಿದವರು. ಹೊರಗಿನವರನ್ನು ಮದುವೆಯಾದ್ದರಿಂದ ಆಗಿನ ಕಾನೂನು ಅವರ ಆದಿವಾಸಿ ಸ್ಥಾನವನ್ನೇ ತೆಗೆದುಹಾಕಿತು. ಮನೆಯಲ್ಲಿ ಆ ಮಾತು ಬರುತ್ತಿರಲಿಲ್ಲ. ಹದಿಹರೆಯಕ್ಕೆ ಬರುವವರೆಗೆ ಮಗನಿಗೆ ತಾನು ಬೇರೆ ಬಿಳಿಯ ಹುಡುಗರಂತಲ್ಲ ಎಂಬ ಅರಿವೇ ಇರಲಿಲ್ಲ. 23ನೇ ವಯಸ್ಸಿನಲ್ಲಿ ಸ್ಕಿಡಿಗೇಟ್‌ಗೆ ಹೋಗಿ ತಾಯಿಯ ತಂದೆ ಚಾರ್ಲ್ಸ್ ಗ್ಲ್ಯಾಡ್‌ಸ್ಟೋನ್ ಅವರನ್ನು ಕಂಡರು. ಅಜ್ಜ ಬೆಳ್ಳಿ ಕೆಲಸ ಮಾಡುವವರು, ಈಡನ್‌ಶಾ ಅವರ ಸೋದರಳಿಯ.

ಆಮೇಲೆ ರೀಡ್ ಟೊರಾಂಟೊದಲ್ಲಿ ರೇಡಿಯೋ ಉದ್ಘೋಷಕರಾದರು. ಅಂದಿನ ಕಾಲಕ್ಕೆ ಅದಕ್ಕಿಂತ ಆಧುನಿಕವಾದ ಕೆಲಸ ಇರಲಿಲ್ಲ. ಕೆಲಸದ ಜೊತೆಗೇ ಒಂದು ಕಾಲೇಜಿನಲ್ಲಿ ಯೂರೋಪಿಯನ್ ಶೈಲಿಯ ಆಭರಣ ಕೆಲಸ ಕಲಿತರು. ಆ ಊರಿನ ರಾಯಲ್ ಒಂಟಾರಿಯೊ ಮ್ಯೂಸಿಯಂನಲ್ಲಿ ಒಂದು ಹೈಡಾ ಕಂಬ ನಿಂತಿತ್ತು. ಅದು ಟಾನು ಎಂಬ ಹಳ್ಳಿಯದು. ಅವರ ಅಜ್ಜಿಯ ಹಳ್ಳಿ. ಸಾವಿರಾರು ಕಿಲೋಮೀಟರ್ ದೂರದ ನಗರದಲ್ಲಿ, ಕಟ್ಟಡದೊಳಗೆ, ತನ್ನ ಅಜ್ಜಿಯ ಊರಿನ ಕಂಬ. ಆ ಕಂಬವನ್ನು ಅವರು ಹೋಗಿ ಹೋಗಿ ನೋಡಿದರು.

1954ರಲ್ಲಿ ಅಜ್ಜ ತೀರಿಕೊಂಡರು. ಅಂತ್ಯಕ್ರಿಯೆಗೆ ಹೋದಾಗ ಈಡನ್‌ಶಾ ಕೆತ್ತಿದ ಎರಡು ಬಳೆಗಳನ್ನು ನೋಡಿದರು. ಅವರ ದಾರಿ ಬದಲಾದದ್ದು ಅಲ್ಲಿಂದ. ಆಮೇಲೆ ಮಾಡಿದ ಕೆಲಸ ಏನು ಗೊತ್ತಾ? ನಕಲು. ಈಡನ್‌ಶಾ ಚಿತ್ರಗಳನ್ನು ಹಾಗೆ ಹಾಗೇ ಮತ್ತೆ ಕೆತ್ತಿದರು. ಇದನ್ನು ಅವರು ಮುಚ್ಚಿಡಲಿಲ್ಲ. ಹೇಳಿಕೊಡಲು ಬೇಕಾದಷ್ಟು ಜನ ಉಳಿದಿರಲಿಲ್ಲ. ಹಾಗಾಗಿ ಹಳೆಯ ವಸ್ತುವೇ ಗುರು. ಅದರ ಗೆರೆಯನ್ನು ತನ್ನ ಕೈಯಿಂದ ಮತ್ತೆ ಎಳೆದಾಗ, ಈ ಗೆರೆ ಇಲ್ಲಿ ಯಾಕೆ ಸಣ್ಣಗಾಯಿತು ಎಂಬುದು ಕೈಗೆ ತಿಳಿಯುತ್ತದೆ. ನೋಡಿದರೆ ಅದು ತಿಳಿಯುವುದಿಲ್ಲ.

ರೀಡ್ ಮಾಡಿದ ಒಂದು ಕೆಲಸ ಎಲ್ಲರಿಗೂ ಗೊತ್ತು. ಹೈಡಾ ಕಥೆಯಲ್ಲಿ ಬರುವ, ಕಪ್ಪೆಚಿಪ್ಪಿನೊಳಗೆ ಮೊದಲ ಮನುಷ್ಯರನ್ನು ಕಂಡ ರೇವನ್. 1970ರಲ್ಲಿ ಅದನ್ನು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿ ಬಾಕ್ಸ್‌ವುಡ್ ಎಂಬ ಮರದಲ್ಲಿ ಮಾಡಿದರು. 1980ರ ಹೊತ್ತಿಗೆ ಅದೇ ರೂಪ ಹಳದಿ ಸೀಡರ್‌ನಲ್ಲಿ ಆಳೆತ್ತರ ಮೀರಿ ನಿಂತಿತು. ಅದು ವ್ಯಾಂಕೂವರ್‌ನ ಮಾನವಶಾಸ್ತ್ರ ಮ್ಯೂಸಿಯಂನಲ್ಲಿದೆ. ಅಷ್ಟು ದೊಡ್ಡ ಕೆಲಸಕ್ಕೆ ಬೇರೆ ಕೆತ್ತನೆಗಾರರೂ ಕೈ ಹಾಕಿದರು. ಆಗಲೇ ರೀಡ್ ಅವರಿಗೆ ಪಾರ್ಕಿನ್ಸನ್ ಕಾಯಿಲೆ ಇತ್ತು.

ಇಲ್ಲಿ ಒಂದು ಮಾತು ಸೇರಿಸಬೇಕು. ರೀಡ್ ಬಂದು ಸತ್ತ ಕಲೆಯನ್ನು ಬದುಕಿಸಿದರು ಅಂತ ಬಹಳ ಕಡೆ ಬರೆಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅಜ್ಜ ಬೆಳ್ಳಿ ಕೆತ್ತುತ್ತಲೇ ಇದ್ದರು. ಮ್ಯಾಸೆಟ್‌ನಲ್ಲಿ ಈಡನ್‌ಶಾ ಅವರ ಮಗಳು ಫ್ಲಾರೆನ್ಸ್ ಡೇವಿಡ್ಸನ್ ಗುಂಡಿ ಹೊಲಿದ ಹೊದಿಕೆಗಳನ್ನು ಮಾಡುತ್ತಿದ್ದರು. ಮನೆಯ ಜಗಲಿಯಲ್ಲಿ ಉಳಿದುಕೊಂಡ ಕಲೆ ಪತ್ರಿಕೆಯವರ ಕಣ್ಣಿಗೆ ಬೀಳಲಿಲ್ಲ, ಅಷ್ಟೇ.

ಆ ಫ್ಲಾರೆನ್ಸ್ ಅವರ ಮೊಮ್ಮಗ ರಾಬರ್ಟ್ ಡೇವಿಡ್ಸನ್. 13ನೇ ವಯಸ್ಸಿನಲ್ಲಿ ತಂದೆ ಕೈಗೆ ಆರ್ಜಿಲೈಟ್ ಕೊಟ್ಟು ಕೆತ್ತು ಎಂದರು. ಓದಲು ವ್ಯಾಂಕೂವರ್‌ಗೆ ಹೋದ ಹುಡುಗ ಮ್ಯೂಸಿಯಂಗಳಲ್ಲಿ ತನ್ನ ಜನರ ಕಂಬಗಳನ್ನು, ಮುಖವಾಡಗಳನ್ನು ಕಂಡು ದಂಗಾದ. ಊರಲ್ಲಿ ಅವು ಇರಲೇ ಇಲ್ಲ. ಬಿಲ್ ರೀಡ್ ಹತ್ತಿರ ಕೆಲಸ ಕಲಿತ. 1969ರ ಆಗಸ್ಟ್‌ನಲ್ಲಿ, 22ರ ವಯಸ್ಸಿನಲ್ಲಿ, ಮ್ಯಾಸೆಟ್‌ನಲ್ಲಿ ಒಂದು ಕಂಬ ಎತ್ತಿಸಿದ. ಹೆಚ್ಚುಕಡಿಮೆ 90 ವರ್ಷಗಳಲ್ಲಿ ಆ ಊರಿನಲ್ಲಿ ಎದ್ದ ಮೊದಲ ಕಂಬ ಅದು.

ಕಂಬ ಕೆತ್ತಿದ್ದು ಆ ಯುವಕ. ಆದರೆ ಅದನ್ನು ಎತ್ತುವುದು ಹೇಗೆ? ಯಾವ ಹಾಡು ಹಾಡಬೇಕು? ಯಾರು ಮೊದಲು ಕುಣಿಯಬೇಕು? ಯಾವ ಮಾತು ಆಡಬೇಕು? ಒಬ್ಬರಿಗೇ ಎಲ್ಲ ಗೊತ್ತಿರಲಿಲ್ಲ. ಅಜ್ಜ ಅಜ್ಜಿಯರು ಒಂದು ಕಡೆ ಕೂತು ನೆನಪಿಸಿಕೊಳ್ಳತೊಡಗಿದರು. ಒಬ್ಬರಿಗೆ ಹಾಡಿನ ಒಂದು ಸಾಲು, ಇನ್ನೊಬ್ಬರಿಗೆ ಇನ್ನೊಂದು. ದಶಕಗಳಿಂದ ಬಾಯಿಗೆ ಬಾರದಿದ್ದ ಹಾಡುಗಳು ಹೊರಗೆ ಬಂದವು. ಕಂಬ ಇಲ್ಲದಿದ್ದರೆ ಆ ಕೂಟವೇ ಸೇರುತ್ತಿರಲಿಲ್ಲ. ಕೈಯಲ್ಲಿ ಮಾಡಿದ ಒಂದು ವಸ್ತು ಜನರನ್ನು ಒಂದೆಡೆ ಸೇರಿಸಿ, ಅವರೊಳಗೆ ಹುದುಗಿದ್ದುದನ್ನು ಹೊರಗೆ ತಂದಿತು. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಪ್ರೀತಿಯ ಭಾಗ ಇದು. ಫೈಲು ಕಳಿಸಿದರೆ ಹೀಗಾಗುವುದಿಲ್ಲ. 12 ಮೀಟರ್ ಉದ್ದದ ಮರವನ್ನು ಒಬ್ಬರೇ ಎತ್ತಲು ಆಗುವುದಿಲ್ಲ, ಅಲ್ವಾ? ಹಗ್ಗ ಎಳೆಯಲು ಇಡೀ ಊರು ಬೇಕು.

ಇನ್ನು ಚೂರಿಯ ವಿಷಯ. ಸಾಫ್ಟ್‌ವೇರಿನಲ್ಲಿ ನಾವು ಗೆರೆ ಎಳೆಯುತ್ತೇವೆ. ಖಾಲಿ ಜಾಗ ತಾನಾಗಿ ಉಳಿಯುತ್ತದೆ. ಮರದಲ್ಲಿ ಇದು ತಿರುಗುಮುರುಗು. ಗೆರೆ ಹಲಗೆಯ ಮಟ್ಟದಲ್ಲೇ ಉಳಿಯಬೇಕು. ಕೆತ್ತಿ ತೆಗೆಯುವುದು ಗೆರೆಗಳ ನಡುವಿನ ಜಾಗವನ್ನು. ಚಂದ್ರನ ಚೂರಿನಂಥ, ಮೂರು ಮೊನೆಯಂಥ ಆ ಸಣ್ಣ ಖಾಲಿ ಜಾಗಗಳ ಆಕಾರ ಸರಿ ಬಂದರೆ ಗೆರೆ ತಾನಾಗಿ ಸರಿ ಬರುತ್ತದೆ. ಎರಡು ಗೆರೆ ಸೇರುವ ಕಡೆ ಕಪ್ಪು ಜಾಸ್ತಿಯಾಗಿ ಗಂಟು ಕಟ್ಟಿದಂತೆ ಕಾಣುತ್ತದೆ. ಅಲ್ಲಿ ಒಂದು ಮೂರು ಮೊನೆಯ ಖಾಲಿ ತೆಗೆದರೆ ಕಣ್ಣಿಗೆ ಹಗುರ. ಪರದೆಯ ಮೇಲೆ ಬರೀ ಗೆರೆ ನೋಡುತ್ತಾ ಬೆಳೆದವರಿಗೆ ಇದು ಹೊಸ ಕಣ್ಣು ಕೊಡುತ್ತದೆ. ಮತ್ತೆ ಮರಕ್ಕೆ ಎಳೆ ಇದೆ. ಎಳೆಯ ಜೊತೆ ಹೋದರೆ ಚೂರಿ ಜಾರುತ್ತದೆ, ಅಡ್ಡ ಹೋದರೆ ಸಿಗಿಯುತ್ತದೆ. ಬಾಚಿಯಲ್ಲಿ ಒರಟು ಕೆಲಸ, ಬಾಗಿದ ಚೂರಿಯಲ್ಲಿ ನಯದ ಕೆಲಸ. ಹಿಂದಕ್ಕೆ ಹೋಗುವ ಗುಂಡಿ ಇಲ್ಲ. ಹಾಗಾಗಿ ನೋಡುವ ಹೊತ್ತು ಜಾಸ್ತಿ, ಕಡಿಯುವ ಹೊತ್ತು ಕಡಿಮೆ.

ಪೆಟ್ಟಿಗೆಗೆ ಬರುತ್ತೇನೆ. ಹೈಡಾ ಪೆಟ್ಟಿಗೆಯ ನಾಲ್ಕು ಬದಿಯೂ ಒಂದೇ ಸೀಡರ್ ಹಲಗೆ. ಮೂರು ಕಡೆ ಅಡ್ಡ ತೋಡು ತೆಗೆದು, ಹಬೆಯಲ್ಲಿ ಬೇಯಿಸಿ, ಮೂಲೆ ಮಡಿಸುತ್ತಾರೆ. ನಾಲ್ಕನೇ ಮೂಲೆಯನ್ನು ಮರದ ಮೊಳೆ ಹೊಡೆದೋ ಹೊಲಿದೋ ಮುಚ್ಚುತ್ತಾರೆ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ಪಿಟ್ ರಿವರ್ಸ್ ಮ್ಯೂಸಿಯಂನಲ್ಲಿ ಇಂಥ ಒಂದು ಪೆಟ್ಟಿಗೆ ಇದೆ. ಅದರ ಗೆರೆಯ ಕೆಲಸ ಅಸಾಧಾರಣ. 2009ರಲ್ಲಿ ಹೈಡಾ ಜನರ ತಂಡವೊಂದು ಹೋಗಿ ಅದನ್ನು ನೋಡಿತು. 2014ರಲ್ಲಿ ಗ್ವಾಯ್ ಈಡನ್‌ಶಾ ಮತ್ತು ಜೇಲೆನ್ ಈಡನ್‌ಶಾ ಎಂಬ ಅಣ್ಣತಮ್ಮಂದಿರು ಅಲ್ಲಿಗೇ ಹೋಗಿ, ಮ್ಯೂಸಿಯಂನಲ್ಲಿ ಕೂತು, ಮೂಲ ಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟುಕೊಂಡು ಅದರ ಜೋಡಿಯನ್ನು ಕೆತ್ತಿದರು.

ಫೋಟೋ ಕಳಿಸಿ ಅಂದಿದ್ದರೆ ಸಾಕಿತ್ತಲ್ಲ? ಮೂರು ಆಯಾಮದ ಸ್ಕ್ಯಾನ್ ಮಾಡಿಸಬಹುದಿತ್ತಲ್ಲ? ಅವರಿಗೆ ಬೇಕಾಗಿದ್ದು ಪೆಟ್ಟಿಗೆಯ ಚಿತ್ರ ಅಲ್ಲ. ಅದನ್ನು ಮಾಡಿದವನು ಯಾವ ಗೆರೆ ಮೊದಲು ಎಳೆದ, ಎಲ್ಲಿ ತಡೆದ, ಯಾವ ಮೂಲೆಯಲ್ಲಿ ನಿಯಮ ಮುರಿದ ಎಂಬುದು ಬೇಕಾಗಿತ್ತು. ಆ ಕೆತ್ತನೆಗಾರನ ಜೊತೆ ಕೂತು ಕಲಿಯಲು ಉಳಿದಿದ್ದ ದಾರಿ ಅದೊಂದೇ. ಹೊಸ ಪೆಟ್ಟಿಗೆ ಹೈಡಾ ಗ್ವಾಯ್‌ಗೆ ಹೋಯಿತು. ಹಳೆಯದು ಇನ್ನೂ ಆಕ್ಸ್‌ಫರ್ಡ್‌ನಲ್ಲೇ ಇದೆ. ಅದೂ ಊರಿಗೆ ಹೋಗಬೇಕು ಎಂಬುದು ನನ್ನ ಆಸೆ.

ಇದೇ ಗ್ವಾಯ್ ಈಡನ್‌ಶಾ ಸಿನಿಮಾ ನಿರ್ದೇಶಕರೂ ಹೌದು. ಪೂರ್ತಿ ಹೈಡಾ ಭಾಷೆಯಲ್ಲಿ ತೆಗೆದ ಮೊದಲ ಕಥಾಚಿತ್ರ 2018ರಲ್ಲಿ ಬಂತು. ಅದರ ಇಬ್ಬರು ನಿರ್ದೇಶಕರಲ್ಲಿ ಅವರೊಬ್ಬರು. ಭಾಷೆ ಚೆನ್ನಾಗಿ ಬರುವವರು ಬೆರಳೆಣಿಕೆಯಷ್ಟು ಹಿರಿಯರು. ನಟರು ಸಂಭಾಷಣೆಗಾಗಿಯೇ ಭಾಷೆ ಕಲಿತರು. ಕಂಬ ಎತ್ತುವಾಗ ಆದದ್ದೇ ಇಲ್ಲೂ ಆಯಿತು. ಮಾಡುವ ಕೆಲಸ ಜನರನ್ನು ಹಿರಿಯರ ಹತ್ತಿರ ಕೂರಿಸಿತು.

ನಮ್ಮ ಕಸುಬಿಗೆ ಹತ್ತಿರದವರು ಕ್ರಿಸ್ಟೊಫರ್ ಆಖ್ಟರ್. ಹೈಡಾ ಗ್ವಾಯ್‌ನಲ್ಲಿ ಬೆಳೆದು ಆನಿಮೇಷನ್ ಓದಿದವರು. 2017ರಲ್ಲಿ ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡಿಗಾಗಿ 'ದ ಮೌಂಟನ್ ಆಫ್ ಸ್ಗಾನಾ' ಎಂಬ ಕಿರುಚಿತ್ರ ಮಾಡಿದರು. ದೋಣಿಯಲ್ಲಿ ಹೋಗುತ್ತಿರುವ ಒಬ್ಬ ಮೀನುಗಾರ ಹುಡುಗ. ಹೈಡಾ ಉಡುಪು ತೊಟ್ಟ ಒಂದು ಪುಟ್ಟ ಇಲಿ ಬಂದು ಹೊದಿಕೆ ಹೆಣೆಯಲು ಶುರು ಮಾಡುತ್ತದೆ. ಹೊದಿಕೆ ಉದ್ದವಾದಂತೆ ಅದರ ಮೇಲೆ ಕಥೆ ಬಿಚ್ಚಿಕೊಳ್ಳುತ್ತದೆ. ಕಿಲ್ಲರ್ ವೇಲ್ ಒಬ್ಬ ಬೇಟೆಗಾರನನ್ನು ಕಡಲೊಳಗಿನ ಲೋಕಕ್ಕೆ ಎಳೆದೊಯ್ಯುತ್ತದೆ, ಅವನ ಪ್ರೇಯಸಿ ಬಿಡಿಸಿ ತರಲು ಹೊರಡುತ್ತಾಳೆ. ಎರಡು ವರ್ಷದ ನಂತರ ಅವರು ಡೇವಿಡ್ಸನ್ ಎತ್ತಿದ ಆ 1969ರ ಕಂಬದ ಬಗ್ಗೆ ಸಾಕ್ಷ್ಯಚಿತ್ರ ಮಾಡಿದರು. ಅಂದು ಬೇರೆಯವರು ತೆಗೆದಿಟ್ಟಿದ್ದ ಫಿಲ್ಮನ್ನೇ ಮತ್ತೆ ತೆರೆದು, ಊರಿನವರ ಕಣ್ಣಿನಿಂದ ಹೇಳಿದರು.

ಮೈಕೆಲ್ ನಿಕೋಲ್ ಯಾಹ್‌ಗುಲಾನಾಸ್ ಹೈಡಾ ಮಾಂಗಾ ಎಂಬ ಹೊಸ ಬಗೆಯ ಕಾಮಿಕ್ಸ್ ಹುಟ್ಟುಹಾಕಿದವರು. ಮಾಂಗಾ ಅಂದರೆ ಜಪಾನಿನ ಕಾಮಿಕ್ಸ್. ಕಾಮಿಕ್ಸಿನಲ್ಲಿ ಚೌಕಗಳ ನಡುವೆ ಬಿಳಿಯ ಖಾಲಿ ಪಟ್ಟಿ ಇರುತ್ತದಲ್ಲ, ಅವರ ಪುಟಗಳಲ್ಲಿ ಅದು ಇಲ್ಲ. ಅದರ ಜಾಗದಲ್ಲಿ ಕಪ್ಪು ಫಾರ್ಮ್‌ಲೈನ್ ಬಾಗಿ ಬಳುಕಿ ಹೋಗುತ್ತದೆ. ಪಾತ್ರಗಳು ಅದನ್ನು ಹಿಡಿದು ನಿಲ್ಲುತ್ತವೆ, ತಳ್ಳುತ್ತವೆ. ಅವರ ಒಂದು ಇಡೀ ಪುಸ್ತಕದ ಪುಟಗಳನ್ನು ಬಿಡಿಸಿ ಜೋಡಿಸಿದರೆ ಒಂದೇ ದೊಡ್ಡ ಹೈಡಾ ಚಿತ್ರ ಕಾಣುತ್ತದೆ. ಗೆರೆಯ ಸ್ವಭಾವ ಕೈಗೆ ಹತ್ತದವರು ಇದನ್ನು ಯೋಚಿಸಲೂ ಆಗುವುದಿಲ್ಲ.

ಕೊನೆಯದಾಗಿ ಮರ. ದೊಡ್ಡ ಕಂಬಕ್ಕೆ, ದೋಣಿಗೆ ಬೇಕಾದ ಸೀಡರ್ ಹಲವು ನೂರು ವರ್ಷ ಬೆಳೆದಿರಬೇಕು. ತೊಗಟೆ ತೆಗೆಯುವಾಗ ಒಂದು ಪಟ್ಟಿ ಮಾತ್ರ ಸುಲಿಯುತ್ತಾರೆ, ಮರ ಬದುಕಿ ಉಳಿಯುತ್ತದೆ. ಹಿಂದಿನವರು ಮರ ಕಡಿಯುವ ಮೊದಲು ಸಣ್ಣ ತೂತು ಕೊರೆದು ಒಳಗೆ ಟೊಳ್ಳಿದೆಯೇ ನೋಡುತ್ತಿದ್ದರು. ಟೊಳ್ಳಾದರೆ ಬಿಟ್ಟುಬಿಡುತ್ತಿದ್ದರು. ಆ ತೂತಿನ ಮರಗಳು ಈಗಲೂ ಕಾಡಿನಲ್ಲಿ ನಿಂತಿವೆ. 20ನೇ ಶತಮಾನದ ಮರ ಕಡಿಯುವ ಕಂಪನಿಗಳು ಇಡೀ ಗುಡ್ಡಗಳನ್ನೇ ಬೋಳಿಸಿದವು. ಅದರ ಮೇಲೆ ಜಿಂಕೆ. ಹೊರಗಿನವರು ತಂದು ಬಿಟ್ಟ ಜಿಂಕೆಗಳು ಎಳೆಯ ಸೀಡರ್ ಸಸಿಗಳನ್ನು ತಿಂದು ಮುಗಿಸುತ್ತವೆ. ದ್ವೀಪಗಳಲ್ಲಿ ಅವುಗಳನ್ನು ತಿನ್ನುವ ತೋಳ ಇಲ್ಲ. ಚೂರಿ ಹಿಡಿದ ಕಲಾವಿದ ಹೀಗೆ ಸಸಿಗಳ ಬಗ್ಗೆ, ಜಿಂಕೆಗಳ ಬಗ್ಗೆ ಚಿಂತೆ ಮಾಡಲೇಬೇಕಾಗುತ್ತದೆ. ಪರದೆಗೆ ಕಪ್ಪು ಬಣ್ಣ ಎಷ್ಟು ಬೇಕಾದರೂ ಸಿಗುತ್ತದೆ. ಮರ ಹಾಗೆ ಸಿಗುವುದಿಲ್ಲ.

1985ರಲ್ಲಿ ಹೈಡಾ ಗ್ವಾಯ್‌ನ ಲೈಯೆಲ್ ದ್ವೀಪದಲ್ಲಿ ಮರ ಕಡಿಯುವ ರಸ್ತೆಗೆ ಅಡ್ಡ ಕೂತು 72 ಜನ ಬಂಧನಕ್ಕೆ ಒಳಗಾದರು. ಮೊದಲು ಕೂತವರಲ್ಲಿ ಊರಿನ ಹಿರಿಯರಿದ್ದರು. ವಾಷಿಂಗ್ಟನ್‌ನ ಕೆನಡಾ ರಾಯಭಾರ ಕಚೇರಿಗೆ ದೊಡ್ಡ ಕಂಚಿನ ದೋಣಿ ಮಾಡುತ್ತಿದ್ದ ಬಿಲ್ ರೀಡ್, ಮರ ಕಡಿಯುವುದನ್ನು ವಿರೋಧಿಸಿ 1987ರಲ್ಲಿ ಆ ಕೆಲಸವನ್ನೇ ನಿಲ್ಲಿಸಿದರು. 1993ರಲ್ಲಿ ದಕ್ಷಿಣದ ದ್ವೀಪಗಳನ್ನು ಹೈಡಾ ಜನರೂ ಕೆನಡಾ ಸರ್ಕಾರವೂ ಸೇರಿ ನೋಡಿಕೊಳ್ಳುವ ಒಪ್ಪಂದವಾಯಿತು. ಅದರ 20ನೇ ವರ್ಷಕ್ಕೆ, 2013ರಲ್ಲಿ, ಅದೇ ಲೈಯೆಲ್ ದ್ವೀಪದಲ್ಲಿ ಒಂದು ಕಂಬ ಎದ್ದಿತು. ಕೆತ್ತಿದ್ದು ಪೆಟ್ಟಿಗೆಯ ಅಣ್ಣತಮ್ಮಂದಿರಲ್ಲಿ ಒಬ್ಬರಾದ ಜೇಲೆನ್ ಈಡನ್‌ಶಾ. ಅದರಲ್ಲಿ ಒಟ್ಟಿಗೆ ನಿಂತ ಐದು ಜನರ ಆಕೃತಿ ಇದೆ, ರಸ್ತೆಗೆ ಅಡ್ಡ ನಿಂತವರ ನೆನಪಿಗೆ. 2024ರಲ್ಲಿ ಪ್ರಾಂತ್ಯ ಸರ್ಕಾರ ಇಡೀ ಹೈಡಾ ಗ್ವಾಯ್ ಮೇಲೆ ಹೈಡಾ ಜನರ ಹಕ್ಕನ್ನು ಒಪ್ಪಿ ಸಹಿ ಹಾಕಿತು.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು.

ಒಬ್ಬ ಹುಡುಗಿ ಕೇಳಿದ್ದು: ಈ ಶೈಲಿ ನನಗೆ ತುಂಬಾ ಇಷ್ಟವಾಯಿತು ಮೇಡಂ, ನನ್ನ ಪ್ರಾಜೆಕ್ಟ್‌ನಲ್ಲಿ ಬಳಸಬಹುದಾ?

ಕಲಿಯಲು ಬರೆದು ನೋಡಿ, ತಪ್ಪಿಲ್ಲ. ಗೆರೆಯ ದಪ್ಪ-ತೆಳು ಅರ್ಥ ಮಾಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ಆದರೆ ಅದನ್ನು ನಿಮ್ಮ ಹೆಸರಿನಲ್ಲಿ ಹೊರಗೆ ಬಿಡಬೇಡಿ, ಮಾರಬೇಡಿ. ಲಾಂಛನಗಳನ್ನಂತೂ ಮುಟ್ಟಲೇಬೇಡಿ, ಅವು ಒಂದೊಂದು ಮನೆತನದವು. ಜಾಲತಾಣಗಳಲ್ಲಿ 'ಟ್ರೈಬಲ್' ಅಂತ ಹೆಸರಿಟ್ಟು ಇಂಥ ಆಕಾರಗಳನ್ನು ಮಾರುತ್ತಾರೆ. ಎಐ ಕೇಳಿದರೆ ಅದೂ ಕ್ಷಣದಲ್ಲಿ ಮಾಡಿಕೊಡುತ್ತದೆ. ಅವುಗಳಲ್ಲಿ ಎಷ್ಟೋ ಕಡೆ ಗೆರೆ ಎಲ್ಲಿಂದಲೋ ಬಂದು ಎಲ್ಲಿಗೂ ಹೋಗದೆ ನಿಲ್ಲುತ್ತದೆ. ಅದಕ್ಕಿಂತ ಮುಖ್ಯ, ಅದರಿಂದ ಬಂದ ದುಡ್ಡು ಮ್ಯಾಸೆಟ್‌ಗೂ ಹೋಗುವುದಿಲ್ಲ, ಸ್ಕಿಡಿಗೇಟ್‌ಗೂ ಹೋಗುವುದಿಲ್ಲ. ಕೆಲಸಕ್ಕೆ ನಿಜವಾಗಿ ಬೇಕು ಅಂದರೆ ಹೈಡಾ ಕಲಾವಿದರನ್ನೇ ಕೇಳಿ, ಅವರಿಗೇ ಹಣ ಕೊಟ್ಟು ಮಾಡಿಸಿ.

ಇನ್ನೊಬ್ಬರು ಕೇಳಿದರು: ಐಪ್ಯಾಡ್‌ನಲ್ಲಿ ಮಾಡಿದ್ದು ನಿಜವಾದ ಹೈಡಾ ಕಲೆ ಆಗುತ್ತದೆಯೇ?

ಅದನ್ನು ತೀರ್ಮಾನಿಸುವವರು ಹೈಡಾ ಜನ. ನಾನು ಕಂಡದ್ದನ್ನು ಹೇಳಬಹುದು. ಡೇವಿಡ್ಸನ್ ಮರ ಕೆತ್ತಿದ ಹಾಗೆಯೇ ಸಿಲ್ಕ್‌ಸ್ಕ್ರೀನ್ ಪ್ರಿಂಟ್‌ಗಳನ್ನೂ ಮಾಡಿದರು. ಚಾರ್ಲ್ಸ್ ಈಡನ್‌ಶಾ ಬೆಳ್ಳಿ ಹಿಡಿದಾಗ ಅದು ಹೊಸ ಲೋಹ. ಸಾಧನ ಬದಲಾಗುತ್ತಲೇ ಬಂದಿದೆ. ಯಾರು ಮಾಡಿದರು, ಯಾರ ಅನುಮತಿಯಿಂದ, ಯಾರಿಗಾಗಿ ಎಂಬ ಪ್ರಶ್ನೆಗಳು ಮಾತ್ರ ಬದಲಾಗಿಲ್ಲ.

ಎಲ್ಲಿಂದ ಶುರು ಮಾಡಲಿ ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಆಖ್ಟರ್ ಅವರ ಇಲಿಯ ಚಿತ್ರದಿಂದ ಶುರು ಮಾಡಿ. ಹತ್ತು ನಿಮಿಷದ್ದು. ನ್ಯಾಷನಲ್ ಫಿಲ್ಮ್ ಬೋರ್ಡಿನ ಜಾಲತಾಣದಲ್ಲಿದೆ. ಮೊದಲ ಸಲ ಕಥೆಗಾಗಿ ನೋಡಿ. ಎರಡನೇ ಸಲ ಧ್ವನಿ ನಿಲ್ಲಿಸಿ, ಚೌಕಟ್ಟಿನ ಅಂಚುಗಳನ್ನು ಮಾತ್ರ ನೋಡಿ. ಎಲ್ಲಿ ನೇರ ಇವೆ, ಎಲ್ಲಿ ಬಾಗುತ್ತವೆ, ಬೇಟೆಗಾರ ಕಡಲೊಳಗೆ ಹೋದ ಮೇಲೆ ಏನಾಗುತ್ತದೆ ಎಂದು ಬರೆದುಕೊಳ್ಳಿ. ಆ ಟಿಪ್ಪಣಿ ನನಗೆ ಕಳಿಸಿದರೆ ಖಂಡಿತ ಓದುತ್ತೇನೆ.